ನಿಮಗಿದು ಗೊತ್ತೆ? ತಡವಾದರೆ ಮದ್ದಿಗೆ ಬಾಗಿಲು ಬಂದ್!

ವಿಷದಿಂದ ಬಂದ ಫಿಟ್ಸ್ ನಿಲ್ಲಿಸಬಲ್ಲ ಮದ್ದು, ಕೊಂಚ ತಡವಾಗಿ ಕೊಟ್ಟರೆ ನಾಟುವುದೇ ಕಷ್ಟ. ಸಾರಿನ್‌ನಂಥ ನರವಿಷ ದೇಹ ಹೊಕ್ಕರೆ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತುಂಬಿಕೊಳ್ಳುತ್ತದೆ. ಅದು ನರಕೋಶಗಳ ಮೇಲಿನ ಮಸ್ಕರಿನಿಕ್ ಎಂಬ ಗ್ರಾಹಕಗಳನ್ನು ಕೆರಳಿಸಿ ಫಿಟ್ಸ್ ಶುರುಮಾಡುತ್ತದೆ. ಸ್ವಲ್ಪ ಹೊತ್ತಿಗೆ ಗ್ಲುಟಮೇಟ್ ಎಂಬ ಮತ್ತೊಂದು ರಾಸಾಯನಿಕ ಆ ಫಿಟ್ಸನ್ನು ಮುಂದುವರಿಸುತ್ತದೆ.

ಈ ಫಿಟ್ಸ್ ನಿಲ್ಲಿಸಲು ಕೊಡುವ ಡಯಜಿಪಾಮ್ ಎಂಬ ಮದ್ದು ಕೆಲಸ ಮಾಡುವುದು ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಗ್ರಾಹಕಗಳ ಮೂಲಕ. ಫಿಟ್ಸ್ ನಿಲ್ಲದಿದ್ದರೆ ಇವುಗಳಲ್ಲಿ ಹಲವು ಕೋಶದ ಮೇಲ್ಮೈಯಿಂದ ಒಳಕ್ಕೆ ಸರಿದುಬಿಡುತ್ತವೆ. ಆಗ ಮದ್ದು ರಕ್ತದಲ್ಲಿದ್ದರೂ ಅದು ಹಿಡಿದುಕೊಳ್ಳಲು ಬೇಕಾದಷ್ಟು ಗ್ರಾಹಕಗಳೇ ಇರುವುದಿಲ್ಲ.

ಅದಕ್ಕೇ ಅಮೆರಿಕದ ಸೈನಿಕರಿಗೆ ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಡಯಜಿಪಾಮ್ ಸಿರಿಂಜನ್ನು ಯುದ್ಧಭೂಮಿಗೇ ಕೊಟ್ಟು ಕಳುಹಿಸುತ್ತಿದ್ದರು. ಹೊಲಕ್ಕೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಕೀಟನಾಶಕಗಳೂ ಸಾರಿನ್‌ನ ಬಳಗಕ್ಕೇ ಸೇರಿದವು.