ಚಾಪೆಯ ಕೆಳಗೂ, ರಂಗೋಲಿಯ ಕೆಳಗೂ

ಹಿರೇನಲ್ಲೂರಿನ ನಮ್ಮ ಹಳೆಯ ಮನೆಯಲ್ಲಿ, ತೊಂಬತ್ತರ ಅಂಚಿನಲ್ಲಿರುವ ತಾಯಿಗೆ ದೇವರನಾಮ ಕೇಳಲೆಂದು ಒಂದು ಟ್ಯಾಬ್ಲೆಟ್ ಕೊಡಿಸಿದ್ದೇನೆ. ಅದರಲ್ಲಿರುವುದು ನನ್ನದೇ ಖಾತೆ. ಕಳೆದ ವರ್ಷ ನನ್ನ ತಂಗಿಗೆ ಗಂಭೀರ ಕಾಯಿಲೆಯಿರುವುದು ಪತ್ತೆಯಾಯಿತು. ವಯಸ್ಸಾದ ಜೀವಕ್ಕೆ ತಿಳಿಸುವುದು ಬೇಡವೆಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ನಾನು ಬೆಂಗಳೂರಿನಲ್ಲಿ ಕುಳಿತು, ಪ್ರಯೋಗಾಲಯದ ವರದಿಯಲ್ಲಿದ್ದ ಪದಗಳ ಅರ್ಥವನ್ನು ರಾತ್ರಿಯೆಲ್ಲ ಅಂತರ್ಜಾಲದಲ್ಲಿ ಹುಡುಕಿದೆ. ಎರಡು ವಾರಗಳ ನಂತರ ಊರಿಗೆ ಹೋದಾಗ ತಾಯಿ ಕೇಳಿದರು: ‘ಹಾಡಿನ ಮಧ್ಯೆ ದಿನಾ ಕ್ಯಾನ್ಸರ್ ಆಸ್ಪತ್ರೆಯವರು ಬರ್ತಾರೆ. ನೀನು ಅಲ್ಲಿ ಹುಡುಕಿದ್ದೇ ಇಲ್ಲಿ ಬರೋದಂತೆ, ಪಕ್ಕದ ಮನೆ ಹುಡುಗ ಹೇಳಿದ. ಯಾರಿಗೆ?’

ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದವನಿಗೆ ಅನೇಕ ಬಗೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅಭ್ಯಾಸವಿರುತ್ತದೆ. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಆ ಜಾಹೀರಾತು ನನ್ನ ಹುಡುಕಾಟದ ಫಲವೇ, ಅಥವಾ ಎಲ್ಲರಿಗೂ ತೋರಿಸುತ್ತಿದ್ದುದು ಆಕಸ್ಮಿಕವಾಗಿ ಅಲ್ಲಿಗೂ ಬಂದಿತ್ತೇ? ಇದನ್ನು ಸಾಬೀತುಪಡಿಸುವ ದಾರಿ ನನಗಿಲ್ಲ, ಯಾವ ಬಳಕೆದಾರನಿಗೂ ಇಲ್ಲ. ಸಮಸ್ಯೆಯ ಬೇರು ಇರುವುದೇ ಇಲ್ಲಿ. ತೋಟದ ಬೇಲಿ ಮುರಿದರೆ ದನದ ಹೆಜ್ಜೆ ಕಾಣುತ್ತದೆ. ಇಲ್ಲಿ ಹೆಜ್ಜೆಯೂ ಕಾಣುವುದಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಸಾಫ್ಟ್‌ವೇರ್ ಉದ್ಯೋಗಿಯಾದ ಸೋದರಳಿಯ ನನ್ನ ಕಂಪ್ಯೂಟರಿನಲ್ಲಿ ಜಾಹೀರಾತು ತಡೆಯುವ ಸಾಧನವೊಂದನ್ನು ಅಳವಡಿಸಿದ. ಪುಟಗಳು ಏಕಾಏಕಿ ಶುಭ್ರವಾದವು. ನಿವೃತ್ತ ಅಧಿಕಾರಿಯ ಸಂಶಯ ಮಾತ್ರ ಹೋಗಲಿಲ್ಲ. ಕಡತದ ಮೇಲಿನ ಧೂಳು ಒರೆಸಿದಾಕ್ಷಣ ಕಡತ ವಿಲೇವಾರಿಯಾಯಿತು ಎಂದರ್ಥವಲ್ಲವಷ್ಟೆ. ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಕೆಲವು ತಿಂಗಳು ಓದಿ ತಿಳಿದುಕೊಂಡೆ.

ಜಾಲತಾಣವೊಂದನ್ನು ತೆರೆದಾಗ ನಮ್ಮ ಬ್ರೌಸರ್ ಆ ತಾಣವನ್ನಷ್ಟೇ ಸಂಪರ್ಕಿಸುವುದಿಲ್ಲ. ಅದರ ಸೂಚನೆಯಂತೆ ಹತ್ತಾರು ಅನ್ಯ ಕಂಪನಿಗಳ ಕಂಪ್ಯೂಟರುಗಳ ಬಾಗಿಲನ್ನೂ ತಟ್ಟುತ್ತದೆ. ಆ ಕಂಪನಿಗಳು ‘ಕುಕಿ’ ಎಂಬ ಸಣ್ಣ ಚೀಟಿಯನ್ನು ನಮ್ಮಲ್ಲಿ ಇಟ್ಟುಹೋಗುತ್ತವೆ. ಮುಂದೆ ಬೇರೆ ತಾಣಕ್ಕೆ ಹೋದಾಗ ಅಲ್ಲಿಯೂ ಅದೇ ಕಂಪನಿ ಇದ್ದರೆ ಚೀಟಿ ನೋಡಿ ಗುರುತು ಹಿಡಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಈ ಕುಕಿಯನ್ನು ರೂಪಿಸಿದ್ದು, ಅಂಗಡಿಯ ಬುಟ್ಟಿಯಲ್ಲಿ ಏನಿದೆಯೆಂದು ತಾಣಕ್ಕೆ ನೆನಪಿರಲಿ ಎಂಬಂಥ ನಿರುಪದ್ರವಿ ಉದ್ದೇಶಕ್ಕೆ. ತಡೆ ಸಾಧನಗಳು ಮಾಡುವುದಿಷ್ಟು: ಸ್ವಯಂಸೇವಕರು ಸಿದ್ಧಪಡಿಸಿದ ಉದ್ದನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಪಟ್ಟಿಯಲ್ಲಿ ಹೆಸರಿರುವವರ ಸಂಪರ್ಕವನ್ನು ತುಂಡರಿಸುವುದು. ಸಂಪರ್ಕವೇ ಆಗದಿದ್ದರೆ ಜಾಹೀರಾತೂ ಇಲ್ಲ, ಚೀಟಿಯೂ ಇಲ್ಲ. ಆದ್ದರಿಂದ ಇವು ಬರೀ ಕಣ್ಣಿಗೆ ಮರೆ ಕಟ್ಟುವ ಪರದೆಗಳೆಂಬ ಮಾತು ಸರಿಯಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ ನಾರಾಯಣನ್ 2016ರಲ್ಲಿ ಹತ್ತು ಲಕ್ಷ ಜಾಲತಾಣಗಳನ್ನು ಯಂತ್ರದ ಮೂಲಕ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಹೆಸರಾಂತ ಹಿಂಬಾಲಕರನ್ನು ಈ ಸಾಧನಗಳು ಚೆನ್ನಾಗಿಯೇ ತಡೆಯುತ್ತವೆ. ತಪ್ಪಿಸಿಕೊಳ್ಳುವವರು ಯಾರೂ ಕೇಳರಿಯದ ಸಣ್ಣಪುಟ್ಟವರು, ಮತ್ತು ಚೀಟಿಯ ಹಂಗೇ ಇಲ್ಲದ ಹೊಸ ತಂತ್ರದವರು.

ಆ ಹೊಸ ತಂತ್ರಕ್ಕೆ ‘ಬೆರಳಚ್ಚು ವಿಧಾನ’ ಎನ್ನಬಹುದು. ನಮ್ಮ ಪರದೆಯ ಅಳತೆ, ಅಕ್ಷರಶೈಲಿಗಳು, ಬ್ರೌಸರಿನ ಆವೃತ್ತಿ, ಕಾಲವಲಯ ಮೊದಲಾದ ಚಿಲ್ಲರೆ ವಿವರಗಳನ್ನು ಕೂಡಿಸಿದರೆ ಸಾಕು, ಯಂತ್ರ ಯಾರದೆಂದು ಗುರುತು ಸಿಗುತ್ತದೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟು ಇನ್ನಾವುದನ್ನೂ ಹೋಲದಂತಿದ್ದವು. ತಮಾಷೆಯೆಂದರೆ, ಗೋಪ್ಯತೆಯ ಬಗ್ಗೆ ಅತಿ ಎಚ್ಚರ ವಹಿಸಿ ಹತ್ತು ಸಾಧನ ಅಳವಡಿಸಿಕೊಂಡವನು ಗುಂಪಿನಲ್ಲಿ ಇನ್ನಷ್ಟು ಎದ್ದು ಕಾಣಬಹುದು. ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ಬ್ರೌಸರ್ ತಾನಾಗಿ ಸಾರುವ ಸಂಕೇತವೊಂದಿತ್ತು. ಅದನ್ನು ಪಾಲಿಸಬೇಕೆಂಬ ಕಟ್ಟಳೆ ಇರಲಿಲ್ಲವಾದ್ದರಿಂದ ಬಹುತೇಕ ಯಾರೂ ಪಾಲಿಸಲಿಲ್ಲ. ಬದಲಾಗಿ ಅದೇ ಗುರುತಿನ ಇನ್ನೊಂದು ಚಿಹ್ನೆಯಾಗುವ ಅಪಾಯ ಕಂಡು ಆಪಲ್ 2019ರಲ್ಲಿ ಅದನ್ನು ತೆಗೆದುಹಾಕಿತು. 2025ರಲ್ಲಿ ಫೈರ್‌ಫಾಕ್ಸ್ ಕೂಡ ಕೈಬಿಟ್ಟಿತು.

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರ ಕಥೆ ಇದು. ತಡೆ ಸಾಧನ ಅನ್ಯ ಕಂಪನಿಗಳನ್ನು ಬಾಗಿಲಲ್ಲಿ ನಿಲ್ಲಿಸಿದರೆ, ಅವು ಜಾಲತಾಣದ ಸ್ವಂತ ಹೆಸರಿನ ವೇಷ ತೊಟ್ಟು ಒಳಬಂದವು. ಅದನ್ನೂ ಪತ್ತೆ ಹಚ್ಚಿದರೆ, ತಾಣವೇ ನಮ್ಮ ಬೆನ್ನ ಹಿಂದೆ ತನ್ನ ಕಂಪ್ಯೂಟರಿನಿಂದ ಅವರಿಗೆ ಮಾಹಿತಿ ದಾಟಿಸಿತು. ನಮ್ಮ ಬ್ರೌಸರಿನಲ್ಲಿ ಕುಳಿತ ಕಾವಲುಗಾರನಿಗೆ ಆ ವಹಿವಾಟು ಕಾಣುವುದೇ ಇಲ್ಲ.

ಇನ್ನು ಕಾವಲುಗಾರನ ಸಂಬಳ ಯಾರದು ಎಂಬ ಪ್ರಶ್ನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದೇ ಮುಖ್ಯವೆನಿಸಿತು. ಹಳೆಯ ಕಾರು ಕೊಳ್ಳುವವನಿಗೆ ಅದರ ನಿಜಸ್ಥಿತಿ ಮಾರುವವನಷ್ಟು ತಿಳಿದಿರುವುದಿಲ್ಲ. ಹೀಗಿರುವ ಮಾರುಕಟ್ಟೆಯಲ್ಲಿ ಕಳಪೆ ಮಾಲು ಒಳ್ಳೆಯದನ್ನು ಹೊರಗಟ್ಟುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದ್ದರು. ಕಾರನ್ನಾದರೂ ಒಂದು ವರ್ಷ ಓಡಿಸಿದರೆ ಬಣ್ಣ ಬಯಲಾಗುತ್ತದೆ. ಗೋಪ್ಯತೆಯ ಸಾಧನವನ್ನು ಹತ್ತು ವರ್ಷ ಬಳಸಿದರೂ ಅದು ಕಾಪಾಡಿತೋ ಇಲ್ಲವೋ ತಿಳಿಯುವುದಿಲ್ಲ. ಅವಾಸ್ಟ್ ಎಂಬ ಪ್ರಸಿದ್ಧ ಕಂಪನಿಯ ಉದಾಹರಣೆ ನೋಡಿ. ಹಿಂಬಾಲಿಸುವವರಿಂದ ರಕ್ಷಣೆ ಕೊಡುತ್ತೇವೆಂದು ಹೇಳಿ ಜನರ ಕಂಪ್ಯೂಟರಿಗೆ ಸೇರಿಕೊಂಡ ಅದರ ತಂತ್ರಾಂಶ, ಅವರು ಭೇಟಿಯಿತ್ತ ಪುಟಗಳ ವಿವರವನ್ನು ಸಂಗ್ರಹಿಸುತ್ತಿತ್ತು. ಜಂಪ್‌ಶಾಟ್ ಎಂಬ ಅಂಗಸಂಸ್ಥೆ 2014ರಿಂದ 2020ರವರೆಗೆ ನೂರಕ್ಕೂ ಹೆಚ್ಚು ಗಿರಾಕಿಗಳಿಗೆ ಅದನ್ನು ಮಾರಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇನ್ನೊಂದು ಜನಪ್ರಿಯ ಸಾಧನವಾದ ಆಡ್‌ಬ್ಲಾಕ್ ಪ್ಲಸ್, 2011ರಿಂದ ‘ಒಪ್ಪಬಹುದಾದ ಜಾಹೀರಾತು’ಗಳಿಗೆ ಬಾಗಿಲು ಬಿಡುತ್ತದೆ, ದೊಡ್ಡ ಕಂಪನಿಗಳು ಅದಕ್ಕೆ ಶುಲ್ಕ ತೆರುತ್ತವೆ. ಮುಚ್ಚುಮರೆಯಿಲ್ಲದೆ ನಡೆಯುವುದರಿಂದ ಇದನ್ನು ಮೋಸವೆನ್ನಲಾಗದು. ಆದರೂ ಟೋಲ್ ಗೇಟಿಗೂ ಕಾವಲಿಗೂ ವ್ಯತ್ಯಾಸವಿದೆ.

ಇಡೀ ಬೀದಿಯೇ ಜಾಹೀರಾತಿನವರ ಸ್ವತ್ತಾಗಿರುವಾಗ ಬಾಡಿಗೆದಾರ ಬೀಗ ಬದಲಿಸಿ ಎಷ್ಟು ದಿನ ಗೆದ್ದಾನು? ಆಪಲ್ ತನ್ನ ಸಫಾರಿಯಲ್ಲಿ 2020ರ ಮಾರ್ಚ್‌ನಿಂದ ಅನ್ಯ ಕಂಪನಿಗಳ ಕುಕಿಗಳನ್ನು ಪೂರ್ತಿ ತಡೆಯಿತು. ಅದಕ್ಕೆ ಫೋನ್ ಮಾರಿ ಬದುಕುವ ದಾರಿಯಿದೆ. ಜಾಹೀರಾತನ್ನೇ ನೆಚ್ಚಿದ ಗೂಗಲ್, ಕ್ರೋಮ್‌ನಲ್ಲಿ ಎರಡು ವರ್ಷದೊಳಗೆ ಹಾಗೆಯೇ ಮಾಡುವುದಾಗಿ 2020ರಲ್ಲಿ ಘೋಷಿಸಿ, ಮುಂದೂಡುತ್ತ ಬಂದು, 2024ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಅದೇ ಹೊತ್ತಿಗೆ ಕ್ರೋಮ್‌ನ ನಿಯಮ ಬದಲಾಗಿ, ಬಲಿಷ್ಠವೆಂದು ಹೆಸರಾದ ಯುಬ್ಲಾಕ್ ಒರಿಜಿನ್ 2025ರ ವೇಳೆಗೆ ಅದರಲ್ಲಿ ನಿಷ್ಕ್ರಿಯವಾಯಿತು. ಉಳಿದದ್ದು ಹಗುರವಾದ ಒಂದು ಮರಿ ಆವೃತ್ತಿ. ಭದ್ರತೆಗಾಗಿ ಈ ಬದಲಾವಣೆ ಎಂದು ಕಂಪನಿ ಹೇಳಿತು. ಅದರಲ್ಲಿ ಸ್ವಲ್ಪ ಹುರುಳೂ ಇರಬಹುದು.

ಓದುಗರು ಕೇಳಬಹುದು: ನೀವು ಓದುವ ಪತ್ರಿಕೆ ನಡೆಯುವುದೂ ಜಾಹೀರಾತಿನಿಂದಲೇ ಅಲ್ಲವೇ? ನಿಜ. ಮುಖಬೆಲೆಯಿಂದ ಮುದ್ರಣದ ಖರ್ಚೂ ಹುಟ್ಟುವುದಿಲ್ಲ. ಎಲ್ಲರೂ ಜಾಹೀರಾತು ತಡೆದರೆ ಸುದ್ದಿಗೆ ಹಣ ಕೊಡುವವರು ಯಾರೆಂಬ ಆತಂಕದಿಂದಲೇ ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಪ್ರಕಾಶನ ಸಂಸ್ಥೆ ಆಡ್‌ಬ್ಲಾಕ್ ಪ್ಲಸ್ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, 2018ರಲ್ಲಿ ಅಲ್ಲಿನ ಸರ್ವೋಚ್ಚ ಪೀಠದಲ್ಲಿ ಸೋತಿತು. ನನ್ನ ತಕರಾರು ಜಾಹೀರಾತಿನ ಬಗ್ಗೆ ಅಲ್ಲ. ಕಾಗದದ ಪತ್ರಿಕೆಯಲ್ಲಿ ಬರುವ ಆಸ್ಪತ್ರೆಯ ಜಾಹೀರಾತು ನನ್ನ ತಂಗಿಯ ವರದಿ ಓದಿರುವುದಿಲ್ಲ.

ಮೇಲಿನದೆಲ್ಲ ಕಂಪ್ಯೂಟರ್ ಇಟ್ಟುಕೊಂಡ ಬೆಂಗಳೂರಿನವರ ಮಾತಾಯಿತು. ಹಿರೇನಲ್ಲೂರಿನಲ್ಲಿ, ಕಡೂರಿನಲ್ಲಿ, ಬೀರೂರಿನ ಸಂತೆಯಲ್ಲಿ ಬ್ರೌಸರ್ ಎಂಬ ಪದವನ್ನು ಎಷ್ಟು ಜನ ಬಳಸುತ್ತಾರೆ? ತೆಂಗು, ಅಡಿಕೆಯ ಧಾರಣೆಯಿಂದ ಹಿಡಿದು ಕೊಳವೆಬಾವಿಯ ಮೋಟಾರಿನವರೆಗೆ ಎಲ್ಲವನ್ನೂ ಅವರು ನೋಡುವುದು ಫೋನಿನ ಆಪ್‌ಗಳಲ್ಲಿ. ಬ್ರೌಸರಿಗೆ ಹಾಕಿದ ಬೇಲಿ ಆಪ್‌ಗಳಿಗೆ ತಾಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಂತೂ ಇಂಥ ಸಾಧನ ಅಳವಡಿಸಲು ಅವಕಾಶವೇ ಇಲ್ಲ, ಫೈರ್‌ಫಾಕ್ಸ್ ಹಾಕಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ದೇಶದಲ್ಲಿ ಗುರುತಿನ ಚೀಟಿ ಕುಕಿಯಲ್ಲ, ಹತ್ತು ಅಂಕಿಯ ಮೊಬೈಲ್ ಸಂಖ್ಯೆ. ಒಟಿಪಿ ಬೇಕೆಂದರೆ ಕೊಡುತ್ತೇವೆ, ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗೆ ಕೊಡುತ್ತೇವೆ, ಔಷಧದಂಗಡಿಯಲ್ಲೂ ಕೊಡುತ್ತೇವೆ.

ಫೋನ್ ಸಂಖ್ಯೆಯ ವಿಷಯದಲ್ಲಿ ನಮಗೆ ಅನುಭವವೂ ಉಂಟು. ಮಾರಾಟದ ಕರೆ ಬೇಡವೆನ್ನುವವರ ನೋಂದಣಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2007ರಲ್ಲಿ ಆರಂಭಿಸಿ, ನಿಯಮಗಳನ್ನು 2010ರಲ್ಲಿ ಮತ್ತು 2018ರಲ್ಲಿ ಬಿಗಿಗೊಳಿಸಿತು. ನಾನು ಮೊದಲ ದಿನಗಳಲ್ಲೇ ಹೆಸರು ಬರೆಸಿದವನು. ಕರೆಗಳು ಕಡಿಮೆಯಾದದ್ದು ನಿಜ, ನಿಂತಿಲ್ಲ. ಆದರೂ ಅಲ್ಲಿ ದೂರು ಕೊಡಲೊಂದು 1909 ಎಂಬ ಸಂಖ್ಯೆಯಿದೆ. ಸಾಲದ ಆಪ್‌ಗಳ ಕಥೆಯೂ ಇಂಥದ್ದೇ. ಸಾಲಗಾರನ ಫೋನಿನಲ್ಲಿದ್ದ ಬಂಧುಗಳ ಸಂಖ್ಯೆಗಳನ್ನೆಲ್ಲ ಕದ್ದು ಮಾನ ಕಳೆಯುವ ದಂಧೆಗೆ ಯಾವ ತಡೆ ತಂತ್ರಾಂಶವೂ ಕಡಿವಾಣ ಹಾಕಿರಲಿಲ್ಲ. ಸಂಪರ್ಕ ಪಟ್ಟಿಯನ್ನು ಮುಟ್ಟುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಬರೆಯಬೇಕಾಯಿತು.

ಈ ವಿಷಯದಲ್ಲಿ ದೇಶಕ್ಕೇ ನೆಲೆ ಒದಗಿಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. 2024ರಲ್ಲಿ ತೀರಿಕೊಂಡ ಅವರು, ಅದರ ಬೆನ್ನಿಗೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಕಂಡರು, ಅದರ ನಿಯಮಗಳನ್ನು ಕಾಣಲಿಲ್ಲ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ. ದಂಡ 250 ಕೋಟಿ ರೂಪಾಯಿವರೆಗೆ ಇದೆ. ಮಕ್ಕಳನ್ನು ಹಿಂಬಾಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಕಾಯ್ದೆ ನೇರವಾಗಿ ನಿಷೇಧಿಸುತ್ತದೆ. ದೊಡ್ಡವರಿಗೆ ‘ಒಪ್ಪಿಗೆ’ ಎಂಬ ಗುಂಡಿಯೊಂದೇ ಗತಿ. ತಾನು ಸೂಚಿಸಿದ ತನ್ನದೇ ಅಂಗಸಂಸ್ಥೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟುಕೊಳ್ಳಬಹುದೆಂಬ ಕಲಮನ್ನು ಓದುವಾಗ, ಅಂಥ ಕಲಮುಗಳನ್ನು ಬರೆಯುವ ಬಳಗದಲ್ಲಿದ್ದವನಾಗಿ ನನಗೆ ತುಸು ನಾಚಿಕೆಯೂ ಆಯಿತು.

ಹಾಗಿದ್ದರೆ ಸಾಧನವನ್ನು ತೆಗೆದುಹಾಕಿದೆನೇ? ಇಲ್ಲ. ನೂರರಲ್ಲಿ ಎಪ್ಪತ್ತು ಸೊಳ್ಳೆ ತಡೆಯುವ ಪರದೆಯನ್ನು ಮೂವತ್ತರ ಸಿಟ್ಟಿಗೆ ಹರಿದು ಎಸೆಯುವುದಿಲ್ಲ. ಮೂಲ ಸಂಕೇತವನ್ನು ಬಹಿರಂಗವಾಗಿಟ್ಟ, ಯಾರಿಂದಲೂ ಶುಲ್ಕ ಪಡೆಯದ ಒಂದೇ ಒಂದು ಸಾಧನವನ್ನು ಫೈರ್‌ಫಾಕ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ಕಾಯಿಲೆ, ಸಾಲ, ವ್ಯಾಜ್ಯದ ಹುಡುಕಾಟಗಳನ್ನು ಖಾತೆಯಿಂದ ಹೊರಬಂದೇ ಮಾಡುತ್ತೇನೆ. ಖಾತೆಯೊಳಗೆ ಕುಳಿತವನಿಗೆ ಯಾವ ತಡೆಯೂ ತಡೆಯಲ್ಲ. ಬ್ರೌಸರಿನ ‘ಗುಪ್ತ’ ಕಿಟಕಿಯನ್ನು ನೆಚ್ಚುವುದಿಲ್ಲ. ಅದು ಮರೆಮಾಡುವುದು ಮನೆಯವರಿಂದಷ್ಟೇ. ಆ ಕಿಟಕಿಯಲ್ಲಿ ನಡೆದದ್ದರ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಅಮೆರಿಕದ ಮೊಕದ್ದಮೆಯೊಂದರ ರಾಜಿಯಲ್ಲಿ ಒಪ್ಪಿದ ಮೇಲೆ ಈ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ತಾಯಿಯ ಟ್ಯಾಬ್ಲೆಟ್ಟಿನಿಂದ ನನ್ನ ಖಾತೆ ತೆಗೆದು ಬೇರೊಂದು ಮಾಡಿಕೊಟ್ಟೆ. ಈಗ ಹಾಡಿನ ಮಧ್ಯೆ ಬರುವುದು ಗೊಬ್ಬರ ಮತ್ತು ಸೀರೆ. ತಂಗಿಯ ಚಿಕಿತ್ಸೆ ಮುಗಿಯುತ್ತ ಬಂದಿದೆ. ಅವಳ ವಿಷಯವನ್ನು ತಾಯಿಗೆ ಆ ದಿನವೇ, ಜಗಲಿಯಲ್ಲಿ ಪಕ್ಕದಲ್ಲಿ ಕೂತು, ನಾನೇ ಹೇಳಿದೆ.