ಹಳೆ ಗಡಿಯಾರಕ್ಕೆ ಎಣ್ಣೆ ಬಿಡುವ ಮುನ್ನ

ಗೋಡೆಯ ಮೇಲಿನ ಹಳೆ ಗಡಿಯಾರ ನಿಂತರೆ ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಎಣ್ಣೆಯ ಶೀಶೆ. ಕೊಬ್ಬರಿ ಎಣ್ಣೆಯೋ ಹೊಲಿಗೆ ಯಂತ್ರದ ಎಣ್ಣೆಯೋ ನಾಲ್ಕು ಹನಿ ಬಿಟ್ಟರೆ ಲೋಲಕ ಮತ್ತೆ ಆಡತೊಡಗುತ್ತದೆ, ಗಡಿಯಾರ ರಿಪೇರಿಯಾಯಿತು ಎಂದು ಮನೆಯವರು ನೆಮ್ಮದಿಪಡುತ್ತಾರೆ. ಜರ್ಮನಿಯ ಯುಂಗಾನ್ಸ್, ಅಮೆರಿಕದ ಅನ್ಸೋನಿಯಾ, ಸೇತ್ ಥಾಮಸ್ ಮುಂತಾದ ಹೆಸರಿನ, ಎಂಟು ದಿನಕ್ಕೊಮ್ಮೆ ಕೀಲಿ ಕೊಡುವ ಗಡಿಯಾರಗಳು ಇಂದಿಗೂ ಎಷ್ಟೋ ಹಳೆಯ ಮನೆಗಳಲ್ಲಿವೆ. ಅವನ್ನು ಹಾಳುಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ಈ ಅವಸರದ ಎಣ್ಣೆಯೇ. ಕೊಳೆ ತೆಗೆಯದೆ ಬಿಟ್ಟ ಎಣ್ಣೆ ಗಡಿಯಾರಕ್ಕೆ ಔಷಧವಲ್ಲ, ಸವೆತಕ್ಕೆ ಕೊಟ್ಟ ಕುಮ್ಮಕ್ಕು.

ಏಕೆಂದು ತಿಳಿಯಲು ಒಳಗಿನ ರಚನೆಯನ್ನು ಸ್ವಲ್ಪ ನೋಡಬೇಕು. ಎರಡು ಹಿತ್ತಾಳೆ ತಗಡುಗಳ ನಡುವೆ ಹಲ್ಲುಚಕ್ರಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಚಕ್ರದ ಉಕ್ಕಿನ ಅಚ್ಚು ಎರಡೂ ಕೊನೆಯಲ್ಲಿ ಸಣ್ಣಗಾಗಿ ತಗಡಿನ ತೂತಿನೊಳಗೆ ತಿರುಗುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕ ಅರ್ಧ ಸೆಕೆಂಡಿಗೊಮ್ಮೆ ಬಡಿಯುತ್ತದೆ. ಅಂದರೆ ಗಂಟೆಗೆ 7,200 ಬಡಿತ, ವರ್ಷಕ್ಕೆ 6.3 ಕೋಟಿ. ಅಷ್ಟು ಬಡಿತಕ್ಕೂ ಚಕ್ರಗಳು ಒಂದೊಂದು ಹೆಜ್ಜೆ ಸರಿಯುತ್ತವೆ, ಅಚ್ಚಿನ ತುದಿಗಳು ತೂತಿನ ಗೋಡೆಗೆ ಉಜ್ಜುತ್ತವೆ. ಅಲ್ಲಿರುವುದು ಶುದ್ಧ ಎಣ್ಣೆಯಾದರೆ ತೊಂದರೆಯಿಲ್ಲ. ಮನೆಯ ಧೂಳು ಹಳೆ ಎಣ್ಣೆಯೊಂದಿಗೆ ಬೆರೆತರೆ ಆಗುವುದು ಸಾಣೆಯ ಲೇಪ. ಸೋಜಿಗವೆಂದರೆ, ಇಲ್ಲಿ ಮೆದು ಹಿತ್ತಾಳೆಯಷ್ಟೇ ಅಲ್ಲ, ಗಟ್ಟಿ ಉಕ್ಕೂ ಸವೆಯುತ್ತದೆ. ಧೂಳಿನ ಕಣಗಳು ಮೆದು ಹಿತ್ತಾಳೆಯಲ್ಲಿ ಹೂತು ಕುಳಿತು ಉಕ್ಕಿನ ಅಚ್ಚನ್ನು ಅರದಂತೆ ಉಜ್ಜುತ್ತವೆ. ಅಚ್ಚಿನಲ್ಲಿ ಗೀರು ಬೀಳುತ್ತದೆ, ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಚಕ್ರ ವಾಲುತ್ತದೆ, ಹಲ್ಲುಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಹೊಸ ಎಣ್ಣೆ ಬಿದ್ದಾಗ ಗಟ್ಟಿಯಾಗಿದ್ದ ಕೊಳೆ ಸಡಿಲಗೊಂಡು ಗಡಿಯಾರ ಓಡುತ್ತದೆ, ಅದರ ಜೊತೆಗೆ ಸವೆತವೂ ಮುಂದುವರಿಯುತ್ತದೆ.

ಎಣ್ಣೆಯ ಈ ತಾಪತ್ರಯ ಗಡಿಯಾರ ಮಾಡುವವರಿಗೆ ಮೊದಲಿನಿಂದಲೂ ಗೊತ್ತಿತ್ತು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ 1722ರ ಸುಮಾರಿಗೆ ಬ್ರಾಕಲ್ಸ್‌ಬಿ ಪಾರ್ಕಿಗೆ ಮಾಡಿಕೊಟ್ಟ ಗಡಿಯಾರದಲ್ಲಿ, ತಾನೇ ಜಿಡ್ಡು ಒಸರುವ ಲಿಗ್ನಮ್ ವಿಟೇ ಮರ ಬಳಸಿ ಎಣ್ಣೆಯ ಗೊಡವೆಯನ್ನೇ ತಪ್ಪಿಸಿದ. ಉಳಿದವರು ತೂತಿನ ಸುತ್ತ ತಗಡಿನಲ್ಲೇ ಪುಟ್ಟ ಬಟ್ಟಲಿನಂಥ ಕುಳಿ ತೋಡಿ, ಎಣ್ಣೆ ಅಲ್ಲೇ ನಿಲ್ಲುವಂತೆ ಮಾಡಿದರು. ಎಷ್ಟು ಎಣ್ಣೆ ಬೇಕೆಂಬುದಕ್ಕೆ ಆ ಕುಳಿಯೇ ಅಳತೆ: ಸೂಜಿಯ ತುದಿಯಲ್ಲಿ ಎತ್ತಿದ ಒಂದು ಕಣ, ಅರ್ಧ ಕುಳಿ ತುಂಬಿದರೆ ಸಾಕು. ತುಂಬಿ ತುಳುಕಿದರೆ ಎಣ್ಣೆ ತಗಡಿನ ಮೇಲೆ ಹರಡಿ, ತೂತಿನೊಳಗಿದ್ದುದನ್ನೂ ಎಳೆದುಕೊಂಡು ಹೋಗುತ್ತದೆ. ಚಕ್ರದ ಹಲ್ಲುಗಳಿಗಂತೂ ಎಣ್ಣೆ ಮುಟ್ಟಿಸಲೇಬಾರದು. ಅವು ಒಣಗಿಯೇ ಇರಬೇಕು.

ಎಂಥ ಎಣ್ಣೆ ಎಂಬುದೂ ಮುಖ್ಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಡಿಸೆಂಬರ್ ಬಂದರೆ ಅದರ ಪಾಡೇನೆಂದು ಬಾಟಲಿ ನೋಡಿದವರಿಗೆ ಗೊತ್ತು. ಹೊಲಿಗೆ ಯಂತ್ರದ ಎಣ್ಣೆ ತೆಳು, ನಿಂತಲ್ಲಿ ನಿಲ್ಲುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇಯಲ್ಲಿ ಬಹುಪಾಲು ಆರಿಹೋಗುವ ದ್ರಾವಕ, ಉಳಿಯುವುದು ಧೂಳನ್ನು ಕರೆಯುವ ಅಂಟು. ಗಡಿಯಾರಕ್ಕೆಂದೇ ತಯಾರಾಗುವ ಎಣ್ಣೆ ಹರಡದೆ, ಬೇಗ ಅಂಟಾಗದೆ ಕುಳಿಯಲ್ಲಿ ನಿಲ್ಲುತ್ತದೆ. ಪುಟ್ಟ ಶೀಶೆಯೊಂದು ಒಂದು ಮನೆಗೆ ವರ್ಷಗಟ್ಟಲೆ ಬರುತ್ತದೆ.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಅಜ್ಜನ ಕಾಲದಿಂದ ಸಿಕ್ಕಿದ ಎಣ್ಣೆ ಬಿಟ್ಟೇ ಓಡಿಸಿದ್ದೇವೆ, ಏನೂ ಆಗಿಲ್ಲ ಎನ್ನುವವರಿದ್ದಾರೆ. ಓಡುತ್ತಿದೆ ಎಂಬುದು ಆರೋಗ್ಯದ ಪುರಾವೆಯಲ್ಲ. ಈ ಗಡಿಯಾರಗಳ ಸ್ಪ್ರಿಂಗಿಗೆ ಅಗತ್ಯಕ್ಕಿಂತ ಹೆಚ್ಚು ಬಲವಿರುತ್ತದೆ. ಕೊಳೆಯನ್ನೂ ಸವೆತವನ್ನೂ ಮೀರಿ ಅದು ಚಕ್ರಗಳನ್ನು ತಳ್ಳುತ್ತಲೇ ಇರುತ್ತದೆ. ಕೊನೆಗೆ ನಿಲ್ಲುವಷ್ಟರಲ್ಲಿ ತೂತುಗಳಿಗೆ ಹೊಸ ಬುಷ್ ಕೂರಿಸಬೇಕಾದ ಸ್ಥಿತಿ ಬಂದಿರುತ್ತದೆ. ಇನ್ನು ಕೆಲವರು, ಮನೆಯವರು ಮುಟ್ಟಲೇಬಾರದು, ಎಲ್ಲವನ್ನೂ ಕಸುಬಿನವರಿಗೇ ಬಿಡಿ ಎನ್ನುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಸ್ಪ್ರಿಂಗು ಬಿಗಿಯಾಗಿರುವಾಗ ತಗಡುಗಳ ತಿರುಪು ಬಿಚ್ಚಿದರೆ ಅದು ಒಮ್ಮೆಲೇ ಬಿಚ್ಚಿಕೊಂಡು ಬೆರಳನ್ನು ಸೀಳಬಲ್ಲದು, ಚಕ್ರದ ಹಲ್ಲು ಮುರಿಯಬಲ್ಲದು. ಹಿತ್ತಾಳೆ ತೊಳೆಯುವ ಅಮೋನಿಯದ್ದೂ ಇಂಥದೇ ಅಪಾಯ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯವೇ ಕಾರಣವೆಂದು ಲೋಹತಜ್ಞರು ವಿವರಿಸಿದ್ದು 1921ರಲ್ಲಿ. ಗಡಿಯಾರದ ಭಾಗಗಳನ್ನು ಅಂಥ ದ್ರಾವಣದಲ್ಲಿ ಹೆಚ್ಚು ಹೊತ್ತು ನೆನೆಹಾಕಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಬಿಚ್ಚದೆಯೂ ಮಾಡಬಹುದಾದ್ದು ಬಹಳಷ್ಟಿದೆ. ನಿಂತ ಗಡಿಯಾರ ಎಷ್ಟೋ ಸಲ ಗೋಡೆಯ ಮೇಲೆ ಸೊಟ್ಟಗಾಗಿರುತ್ತದೆ, ಅಷ್ಟೆ. ಟಿಕ್ ಮತ್ತು ಟಕ್ ನಡುವಿನ ಅಂತರ ಸಮವಾಗಿ ಕೇಳುವವರೆಗೆ ಪೆಟ್ಟಿಗೆಯನ್ನು ಆಚೀಚೆ ಸರಿಸಿ ನೋಡಬೇಕು. ಪೆಟ್ಟಿಗೆಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು. ಕಾಗದದ ಅಥವಾ ಬಣ್ಣ ಬಳಿದ ಮುಖಫಲಕಕ್ಕೆ ಒದ್ದೆ ಬಟ್ಟೆ ಸೋಕಿಸಿದರೆ ಅಂಕಿಗಳೇ ಎದ್ದುಬರಬಹುದು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು. ಮುಂದಕ್ಕೆ ತಿರುಗಿಸುವಾಗಲೂ ಗಂಟೆ ಹೊಡೆದು ಮುಗಿಯುವವರೆಗೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಟಾರ್ಚ್ ಬಿಟ್ಟು ಆ ಪುಟ್ಟ ಕುಳಿಗಳನ್ನು ನೋಡಬೇಕು. ಚೂಪಾದ ಹಲ್ಲುಕಡ್ಡಿಯನ್ನು ಕುಳಿಯಲ್ಲಿ ಮೆಲ್ಲಗೆ ತಿರುಗಿಸಿ ತೆಗೆದರೆ ತುದಿಯೇ ಕಥೆ ಹೇಳುತ್ತದೆ. ಶುಭ್ರವಾಗಿ ಬಂದರೆ ಒಂದು ಕಣ ಹೊಸ ಎಣ್ಣೆ ಬಿಡಬಹುದು. ಕಪ್ಪಾಗಿಯೋ ಹಸಿರಾಗಿಯೋ ಬಂದರೆ ತೂತಿನೊಳಗೂ ಅದೇ ಕೊಳೆ ಇದೆ ಎಂದರ್ಥ. ಆಗ ಗಡಿಯಾರ ನಿಲ್ಲಿಸಿ, ಬಿಚ್ಚಿ ತೊಳೆಯಬಲ್ಲವರನ್ನು ಹುಡುಕಬೇಕು. ಹಸಿರು ಬಣ್ಣ ಬರುವುದು ಹಳೆ ಎಣ್ಣೆ ಹುಳಿತು ಹಿತ್ತಾಳೆಯ ತಾಮ್ರವನ್ನು ತಿನ್ನುವುದರಿಂದ.

ಇನ್ನೂರು ಮುನ್ನೂರು ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ಇದಕ್ಕಿಂತ ಕರಾರುವಾಕ್ಕಾಗಿ ಓಡುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ನ್ಯಾಯವೇ. ಸರಿಯಾದ ಸಮಯವಷ್ಟೇ ಬೇಕೆಂದರೆ ಖಂಡಿತ ಬೇಕಿಲ್ಲ. ಆದರೆ ಕ್ವಾರ್ಟ್ಜ್ ಕೆಟ್ಟರೆ ಎಸೆದು ಇನ್ನೊಂದು ತರುತ್ತೇವೆ, ಇದರಲ್ಲಿ ಸವೆದ ಪ್ರತಿಯೊಂದು ಭಾಗವನ್ನೂ ಕೈಯಿಂದ ಸರಿಪಡಿಸಬಹುದು. ನೂರು ವರ್ಷ ದಾಟಿದ ಮೇಲೂ ದುರಸ್ತಿಗೆ ಬಗ್ಗುವ ಯಂತ್ರ ಮನೆಯಲ್ಲಿ ಬೇರೆ ಸಿಗುವುದು ಅಪರೂಪ. ಹಾಗಾಗಿ ರಿಪೇರಿಗೆ ಕೊಡುವಾಗ ಎಷ್ಟಾಗುತ್ತದೆ ಎಂದು ಕೇಳುವ ಮೊದಲು ಇನ್ನೊಂದು ಮಾತು ಕೇಳಿ: ಬಿಚ್ಚಿ ತೊಳೆಯುತ್ತೀರೋ, ಇಡಿಯಾಗಿ ಸೀಮೆಎಣ್ಣೆಯಲ್ಲಿ ಅದ್ದಿ ತೆಗೆಯುತ್ತೀರೋ? ಅದ್ದಿ ತೆಗೆಯುತ್ತೇವೆ ಎಂದರೆ ಗಡಿಯಾರವನ್ನು ಮನೆಗೆ ವಾಪಸು ತನ್ನಿ.