ಅವಯವವಿಲ್ಲದ ಅಣು

ಭೈರುಂಬೆಯಿರುವ ಶಿರಸಿ ತಾಲ್ಲೂಕಿನದೇ ಊರು ಸೋದೆ. ಜೈನ, ಮಾಧ್ವ, ಅದ್ವೈತ ಮಠಗಳು ಅದರ ಆಸುಪಾಸಿನಲ್ಲಿವೆ. ಈ ದರ್ಶನಗಳಿಗೆಲ್ಲ ಪರಮಾಣು ಹಳೆಯ ವಾದವಸ್ತು.

ವೈಶೇಷಿಕರ ಪರಮಾಣು ನಾಲ್ಕು ಬಗೆಯದು, ನಿರವಯವವಾದದ್ದು. ಎರಡು ಕೂಡಿದರೆ ದ್ವ್ಯಣುಕ. ಶಂಕರರ ಆಕ್ಷೇಪ ಇಲ್ಲಿಯೇ. ಭಾಗವೇ ಇಲ್ಲದ್ದು ಇನ್ನೊಂದಕ್ಕೆ ಯಾವ ಬದಿಯಿಂದ ತಾಗೀತು? ಪೂರ್ತಿಯಾಗಿ ಬೆರೆತರೆ ಗಾತ್ರ ಬೆಳೆಯದು. ಒಂದು ಬದಿಯಿಂದ ಎಂದರೆ ಭಾಗವನ್ನು ಒಪ್ಪಿದಂತಾಯಿತು. ಜೈನರಾದರೋ ಪರಮಾಣುಗಳೆಲ್ಲ ಒಂದೇ ಜಾತಿಯವೆಂದು, ಸ್ನಿಗ್ಧತೆ-ರೂಕ್ಷತೆಗಳಿಂದ, ಅಂದರೆ ಜಿಡ್ಡು-ಒರಟುಗಳ ತಾರತಮ್ಯದಿಂದ, ಅವು ಬೆಸೆಯುತ್ತವೆಂದು ಹೇಳಿದರು. ಇದನ್ನೇ ವಿದ್ಯುದಾವೇಶವೆಂದು ಸಾರುವ ಉತ್ಸಾಹ ನನಗಿಲ್ಲ. ಅವರ ಆಧಾರ ತರ್ಕ, ಪ್ರಯೋಗವಲ್ಲ. ಆದರೆ ಶಂಕರರ ಪ್ರಶ್ನೆ ಗಟ್ಟಿಯಾದದ್ದು.

1911ರಲ್ಲಿ ರುದರ್‌ಫರ್ಡ್, ಚಿನ್ನದ ತೆಳುಹಾಳೆಯಿಂದ ಚದುರಿದ ಕಣಗಳ ಲೆಕ್ಕದಿಂದ, ಪರಮಾಣುವಿನೊಳಗೊಂದು ಬೀಜವಿದೆಯೆಂದು ತೋರಿಸಿದರು. ಇಂದಿನ ರಸಾಯನಶಾಸ್ತ್ರದ ಪರಮಾಣುವಿಗೆ ಭಾಗಗಳುಂಟು. ಅದು ಇನ್ನೊಂದರೊಡನೆ ಕೂಡುವುದು ಹೊರಗಣ ಇಲೆಕ್ಟ್ರಾನುಗಳ ಮೂಲಕ.